ಗಣಕದ ಕಣ್ಣಿಗೆ ಕಾಣದ ಕುಡುಗೋಲು

ಬ್ಯಾಂಕಿಗೆ ನೋಟು ಎಣಿಸುವ ಯಂತ್ರ ಬಂದಾಗ ನಮ್ಮ ಬೆರಳಿಗೆ ಬಿಡುವು ಸಿಕ್ಕಿತು. ಆದರೂ ಸಂಶಯದ ನೋಟನ್ನು ಬೆಳಕಿಗೆ ಹಿಡಿಯುವುದು ತಪ್ಪಲಿಲ್ಲ. ರಕ್ತಪರೀಕ್ಷೆಗೂ ಈಗ ಅಂಥ ಯಂತ್ರವಿದೆ. ಗಾಜಿನ ಪಟ್ಟಿಗೆ ಸವರಿದ ರಕ್ತದ ಚಿತ್ರ ತೆಗೆದು, ಗಣಕಯಂತ್ರ ಕಣಗಳನ್ನು ಆಕಾರ ನೋಡಿ ವಿಂಗಡಿಸುತ್ತದೆ. 2015ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಿಗ್‌ಟಪಲ್ ಸಂಸ್ಥೆ ಇಂಥ ಸಾಧನ ಮಾಡಿದೆ.

ನಮ್ಮ ವಯನಾಡಿನ ಪಣಿಯ, ಕುರುಮ, ಕುರಿಚ್ಯ, ವಯನಾಡನ್ ಚೆಟ್ಟಿ ಜನರಲ್ಲಿ ಕುಡುಗೋಲು ಕಣ ರೋಗ ಉಂಟು. ಮಲಯಾಳದಲ್ಲಿ 'ಅರಿವಾಳ್ ರೋಗಂ' ಅನ್ನುತ್ತೇವಲ್ಲ, ಅದೇ. ದುಂಡಗಿರಬೇಕಾದ ಕೆಂಪು ಕಣ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ; ಕೈಕಾಲಿನಲ್ಲಿ ತಡೆಯಲಾರದ ನೋವು. ಮಳೆಗಾಲದ ವಾತವೆಂದು ಎಣ್ಣೆ ತಿಕ್ಕಿ ಕೂರುವವರೂ ಇದ್ದಾರೆ.

ರೋಗಿಯ ಬಾಗಿದ ಕಣಗಳನ್ನು ಗಣಕ ಹಿಡಿದೀತು. ವಾಹಕರ ಕಥೆ ಬೇರೆ. ತಂದೆತಾಯಿಯಲ್ಲಿ ಒಬ್ಬರಿಂದ ಮಾತ್ರ ದೋಷ ಪಡೆದ ಇವರಿಗೆ ಸಾಮಾನ್ಯವಾಗಿ ಕಾಯಿಲೆಯಿಲ್ಲ; ಚಿತ್ರದಲ್ಲಿ ಕಣಗಳೂ ದುಂಡಗೇ ಕಾಣುತ್ತವೆ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಮಗುವಿಗೂ ರೋಗ ಬರುವ ಸಂಭವ ನೂರಕ್ಕೆ 25. ಇದನ್ನು ತಿಳಿಯಲು ಹಿಮೋಗ್ಲೋಬಿನ್ನಿನ ಪರೀಕ್ಷೆಯೇ ಆಗಬೇಕು. 2023ರ ಜುಲೈ 1ರಂದು ಆರಂಭವಾದ ಕೇಂದ್ರ ಸರಕಾರದ ಅಭಿಯಾನ 40 ವರ್ಷದವರೆಗಿನವರ ತಪಾಸಣೆಗೆಂದೇ ಇದೆ.

ಹೆಣ್ಣು ನೋಡಲು ಹೊರಡುವ ಮೊದಲು ಆ ಚೀಟಿ ಕೇಳಿ. ಹೆಣ್ಣಿನದು ಮಾತ್ರವಲ್ಲ, ಗಂಡಿನದೂ.