ನೀಲಿ ಗಿಡದ ಪಾಠ

(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನಮ್ಮ ರಾಯದುರ್ಗದ ಅನೇಕ ಮಕ್ಕಳ ಮನೆಯ ಅನ್ನ ಜೀನ್ಸ್ ಹೊಲಿಗೆಯಿಂದ ಬರುತ್ತದೆ. ಆ ಬಟ್ಟೆಯ ನೀಲಿ ಮೂಲತಃ ಹಸಿರೆಲೆಯೊಂದರ ಕೊಡುಗೆಯೆಂದರೆ ಅವರು ನಂಬಲು ಹಿಂಜರಿಯುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ನೆರೆಯ ಕಡಪ ಜಿಲ್ಲೆ ನೀಲಿ ಬೆಳೆಗೆ ಹೆಸರಾಗಿತ್ತು. 1897ರಲ್ಲಿ ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿಯು ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದ ಮೇಲೆ ಗಿಡವು ಕ್ರಮೇಣ ಹೊಲಗಳಿಂದ ಮರೆಯಾಯಿತು.

ಎಲೆಯಲ್ಲಿ ನೀಲಿ ಕಾಣಿಸದು. ಸೊಪ್ಪನ್ನು ತೊಟ್ಟಿಯಲ್ಲಿ ನೆನೆಹಾಕಿ, ಹುಳಿಯಬಿಟ್ಟು, ಸೋಸಿದ ನೀರನ್ನು ಕೋಲಿನಿಂದ ಬಡಿಯಬೇಕು. ಗಾಳಿ ಬೆರೆತಂತೆಲ್ಲ ನೀಲಿ ಮೂಡಿ ತಳಕ್ಕಿಳಿಯುತ್ತದೆ. ಆ ಗಸಿಯೋ ನೀರಿನಲ್ಲಿ ಕರಗದು! ಸುಣ್ಣ, ಬೆಲ್ಲ, ಬೇಯಿಸಿದ ತಗಚೆ ಬೀಜ ಇಂಥವುಗಳನ್ನು ಕೂಡಿಸಿ ಮತ್ತೆ ಹುಳಿಯಿಸಿದಾಗ ಹಳದಿ ಬೆರೆತ ಹಸಿರಾಗಿ ಕರಗುತ್ತದೆ. ಅದರಲ್ಲಿ ಅದ್ದಿ ಮೇಲೆತ್ತಿದ ಅರಿವೆ ನೋಡನೋಡುತ್ತಿದ್ದಂತೆ ಹಸಿರಿನಿಂದ ನೀಲಿಗೆ ತಿರುಗುತ್ತದೆ. ಉತ್ಕರ್ಷಣ, ಅಪಕರ್ಷಣ ಎಂದು ನಾವು ಕಪ್ಪುಹಲಗೆಯ ಮೇಲೆ ಬರೆಯುವುದನ್ನು ನೀಲಗಾರರು ಹಂಡೆಯ ವಾಸನೆಯಿಂದಲೇ ಅರಿಯುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ‘ನೀಲಗಾರ’ ಎಂಬುದು ಇಂದಿಗೂ ಮನೆತನದ ಹೆಸರು.

ಎಲೆಬಣ್ಣವೆಲ್ಲ ನಿರಪಾಯವೆಂಬ ಮಾತನ್ನು ಮಾತ್ರ ನಾವು ಒಪ್ಪುವುದಿಲ್ಲ. ನೀಲಿಗೆ ಬೇಡವಾದರೂ ಇತರ ಹಲವು ಎಲೆಬಣ್ಣಗಳು ಪಟಿಕದಂಥ ಹಿಡಿತವಿಲ್ಲದೆ ನಿಲ್ಲವು. ಪಟಿಕದ ಬದಲು ಮೈಲುತುತ್ತ ಬಳಸಿ ಚೆಲ್ಲಿದ ನೀರು ವಿಷವೇ. ಮದರಂಗಿ ಎಲೆಯ ಬಣ್ಣ ಉಣ್ಣೆ, ರೇಷ್ಮೆಗಳಿಗೆ ಹಿಡಿದಷ್ಟು ಹತ್ತಿಗೆ ಹಿಡಿಯದು. ಊರಿನ ಹೊಲಿಗೆಯನ್ನೆಲ್ಲ ಸೊಪ್ಪಿನಿಂದ ನಡೆಸುವ ಮಾತು ದೂರವೇ ಉಳಿಯಿತು.

ನಮ್ಮನ್ನು ಕಾಡುವುದು ಹೆಸರುಗಳ ಚಿಂತೆ. ತಂಗಡಿಯನ್ನು ನಮ್ಮ ಮಕ್ಕಳು ‘ತಂಗೇಡು’ ಎನ್ನುತ್ತಾರೆ, ಮದರಂಗಿಯನ್ನು ‘ಗೋರಿಂಟಾಕು’. ತೆಲುಗು ನಮಗೆ ಪರಕೀಯವಲ್ಲ. ಆ ಹೆಸರುಗಳೂ ಇರಲಿ. ಆದರೆ ಕನ್ನಡದ ಹೆಸರು ಮನೆಯಲ್ಲಿ ಆಡದಂತಾದರೆ ಶಾಲೆಯೊಂದೇ ಅದನ್ನು ಉಳಿಸಲಾರದು. ಕನ್ನಡ ಮಾಧ್ಯಮಕ್ಕೆ ಮಕ್ಕಳನ್ನು ಕಳುಹಿಸುವ ಮನೆಗಳೇ ಕಡಿಮೆಯಾಗುತ್ತಿರುವಾಗ ಈ ಮಾತನ್ನು ತಮ್ಮೆದುರಲ್ಲದೆ ಇನ್ನಾರೆದುರು ಆಡೋಣ?

ಶತಮಾನೋತ್ಸವದ ನೆನಪಿಗೆ ಶಾಲೆಯ ಹಿತ್ತಲಿನಲ್ಲಿ ಒಂದು ಸಾಲು ನೀಲಿ ಬಿತ್ತಿದ್ದೇವೆ. ಒಂಬತ್ತನೆಯ ತರಗತಿಯವರು ಬಣ್ಣದ ಗಿಡಗಳ ದಾಖಲೆ ಬರೆಯುತ್ತಿದ್ದಾರೆ: ಪುಟಕ್ಕೊಂದು ಒಣಗಿಸಿದ ಎಲೆ, ಅದರ ಬಣ್ಣ ಹಿಡಿದ ಬಟ್ಟೆಯ ತುಣುಕು, ಎರಡು ಲಿಪಿಗಳಲ್ಲಿ ಹೆಸರು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲೆ ಬೇರೆಯಾದ ಮಾತ್ರಕ್ಕೆ ಸೊಪ್ಪಿನ ಹೆಸರು ಬೇರೆಯಾಗಲಿಲ್ಲವಷ್ಟೆ. ಅಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಮನೆಯ ಅಜ್ಜಿಯರನ್ನು ಕೇಳಿ, ಅವರು ಹೇಳಿದ ಹೆಸರನ್ನು ತಿದ್ದದೆ ಹಾಗೆಯೇ ಬರೆದು, ಜೊತೆಗೆ ಒಂದು ಎಲೆಯನ್ನಿರಿಸಿ ಶಾಲೆಗೆ ಕಳುಹಿಸಬೇಕೆಂದು ಕೋರುತ್ತೇವೆ. ದಾಖಲೆಯಲ್ಲಿ ಇನ್ನೂ ಬಹಳಷ್ಟು ಪುಟಗಳು ಖಾಲಿಯಿವೆ.