ಅನ್ನದ ಕಲ್ಲು, ಕಿಡ್ನಿ ಕಲ್ಲು



ಈ ದಿನ ನಾವು ಅನ್ನದ ವಿಷಯ ಮಾತಾಡೋಣ. ಕಿಡ್ನಿಯಲ್ಲಿ ಕಲ್ಲು ಇರುವವರು ಅನ್ನ ಉಣ್ಣಬಹುದೇ? ಈ ಪ್ರಶ್ನೆ ನಮ್ಮ ಕಲಿಕಾ ಕೇಂದ್ರದಲ್ಲೇ ಬಂತು.

ಇಲ್ಲಿಗೆ ಬರುವ ಒಬ್ಬ ಅಕ್ಕನಿಗೆ ಸೊಂಟದ ಪಕ್ಕ ತಡೆಯಲಾರದ ನೋವು ಬಂತು. ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿದರು. ಕಲ್ಲಿದೆ ಅಂದರು. ಮನೆಗೆ ಬಂದ ಮೇಲೆ ಅಕ್ಕಪಕ್ಕದವರು ಹೇಳಿದರು: "ಸೊಸೈಟಿ ಅಕ್ಕೀಲಿ ಕಲ್ಲಿರ್ತದೆ. ಅದನ್ನ ತಿಂದೇ ನಿಂಗೆ ಕಲ್ಲಾಗಿರೋದು. ಅನ್ನ ಬಿಟ್ಬಿಡು."

ಆ ಅಕ್ಕ ಅನ್ನ ಬಿಟ್ಟರು. ಅರೆಹೊಟ್ಟೆಯಲ್ಲೇ ನಾಟಿ ಕೆಲಸಕ್ಕೆ ಹೋದರು. ಸೊರಗಿ ಹೋದರು. ನೀರು ಕುಡಿಯುವುದು ಮಾತ್ರ ಮೊದಲಿನ ಹಾಗೇ, ದಿನಕ್ಕೆ ನಾಲ್ಕೈದು ಲೋಟ. ನೋವು ಮತ್ತೆ ಬಂತು.

ತಪ್ಪು ಅನ್ನದ್ದೇ? ಅಲ್ಲ.

ಅಕ್ಕಿಯಲ್ಲಿರುವ ಕಲ್ಲು ಬೇರೆ. ಕಿಡ್ನಿಯ ಕಲ್ಲು ಬೇರೆ. ನುಂಗಿದ ಸಣ್ಣ ಕಲ್ಲು, ಮರಳು ಹೊಟ್ಟೆಗೆ ಹೋಗುತ್ತದೆ. ಕರುಳಿಗೆ ಹೋಗುತ್ತದೆ. ಮಲದ ಜೊತೆ ಹೊರಗೆ ಬೀಳುತ್ತದೆ. ಅದು ರಕ್ತಕ್ಕೆ ಸೇರುವುದಿಲ್ಲ. ಕಿಡ್ನಿಗೆ ಹೋಗಲು ಅದಕ್ಕೆ ದಾರಿಯೇ ಇಲ್ಲ. ಆದರೂ ಅಕ್ಕಿ ಆರಿಸಿ, ತೊಳೆದು ಅಡಿಗೆ ಮಾಡಿ. ಕಲ್ಲು ಕಚ್ಚಿದರೆ ಹಲ್ಲು ಹೋಗುತ್ತದೆ.

ಹಾಗಾದರೆ ಕಿಡ್ನಿಯಲ್ಲಿ ಕಲ್ಲು ಹೇಗೆ ಆಗುತ್ತದೆ? ಬಚ್ಚಲುಮನೆಯ ಹಂಡೆ ನೋಡಿ. ನೀರು ಕಾಯಿಸಿ ಕಾಯಿಸಿ ಒಳಗೆ ಬಿಳೀ ಪದರ ಕಟ್ಟಿರುತ್ತದೆ. ನೀರಿನಲ್ಲಿ ಕರಗಿದ್ದ ಲವಣವೇ ಹಾಗೆ ಗಟ್ಟಿಯಾಗಿರುವುದು. ಕಿಡ್ನಿಯಲ್ಲೂ ಹೀಗೇ ಆಗುತ್ತದೆ. ಕಿಡ್ನಿ ನಮ್ಮ ರಕ್ತವನ್ನು ಸೋಸುತ್ತದೆ. ಬೇಡದ ಲವಣವನ್ನು ಮೂತ್ರದಲ್ಲಿ ಕಳಿಸುತ್ತದೆ. ಮೂತ್ರ ಕಡಿಮೆಯಾದರೆ ಲವಣ ಕರಗುವುದಿಲ್ಲ. ಹರಳು ಕಟ್ಟುತ್ತದೆ. ಹರಳು ಬೆಳೆದು ಕಲ್ಲಾಗುತ್ತದೆ. ಹೆಚ್ಚಿನ ಕಲ್ಲುಗಳು ಸುಣ್ಣದ ಅಂಶ ಮತ್ತು ಆಕ್ಸಲೇಟ್ ಎಂಬ ಲವಣ ಸೇರಿ ಆದವು.

ಬಿಳಿ ಅಕ್ಕಿಯಲ್ಲಿ ಈ ಆಕ್ಸಲೇಟ್ ಬಹಳ ಕಡಿಮೆ. ಆದ್ದರಿಂದ ಕಲ್ಲಿನ ಭಯಕ್ಕೆ ಅನ್ನ ಬಿಡಬೇಕಾಗಿಲ್ಲ. ಸಕ್ಕರೆ ಕಾಯಿಲೆ ಇರುವವರು ಮಾತ್ರ ಅಳತೆ ನೋಡಿ ಉಣ್ಣಲಿ.

ಅನ್ನಕ್ಕಿಂತ ಅನ್ನದ ಜೊತೆ ಏನಿದೆ ಎಂಬುದು ಮುಖ್ಯ.

ಉಪ್ಪು ಹೆಚ್ಚು ತಿಂದರೆ ಮೂತ್ರದಲ್ಲಿ ಸುಣ್ಣದ ಅಂಶ ಹೆಚ್ಚು ಹೋಗುತ್ತದೆ. ಒಬ್ಬರಿಗೆ ಇಡೀ ದಿನಕ್ಕೆ ಒಂದು ಟೀ ಚಮಚ, ಅಂದರೆ 5 ಗ್ರಾಂ ಉಪ್ಪು ಸಾಕು. ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿ ಈ ಲೆಕ್ಕ.

ಪಾಲಕ್ ಮತ್ತು ದಂಟಿನ ಸೊಪ್ಪಿನಲ್ಲಿ ಆಕ್ಸಲೇಟ್ ಬಹಳ ಇರುತ್ತದೆ. ಕಲ್ಲು ಆದವರು ಇವನ್ನು ದಿನಾ ತಿನ್ನಬೇಡಿ. ತಿಂದರೂ ಬೇಯಿಸಿ, ನೀರು ಬಸಿದು ತಿನ್ನಿ. ಹಾಗಂತ ಸೊಪ್ಪನ್ನೇ ಬಿಡಬೇಡಿ. ನಮ್ಮಲ್ಲಿ ಎಷ್ಟೋ ಹೆಂಗಸರಿಗೆ ರಕ್ತ ಕಡಿಮೆ. ಮೆಂತ್ಯದ ಸೊಪ್ಪಿನಲ್ಲಿ ಆಕ್ಸಲೇಟ್ ಕಡಿಮೆ. ಅದನ್ನು ತಿನ್ನಿ.

ಹಾಲು, ಮಜ್ಜಿಗೆಯಲ್ಲಿ ಸುಣ್ಣದ ಅಂಶ ಇದೆ, ಅದಕ್ಕೇ ಬೇಡ ಅಂತಾರೆ ಕೆಲವರು. ಇದು ಸರಿಯಲ್ಲ. ಊಟದ ಜೊತೆ ಮಜ್ಜಿಗೆ ಸೇರಿದರೆ ಅದರ ಸುಣ್ಣದ ಅಂಶ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದುಕೊಳ್ಳುತ್ತದೆ. ಮಲದಲ್ಲಿ ಕಳಿಸುತ್ತದೆ. ಅನ್ನ ಮಜ್ಜಿಗೆ ಒಳ್ಳೆಯ ಊಟ. ಉಪ್ಪು ಮಾತ್ರ ಚೂರೇ ಹಾಕಿ.

ಈಗ ನೀರಿನ ಮಾತು. ಎಲ್ಲಕ್ಕಿಂತ ದೊಡ್ಡ ಮಾತು ಇದೇ.

ನಾವು ಹೆಂಗಸರು ನೀರು ಯಾಕೆ ಕಡಿಮೆ ಕುಡಿಯುತ್ತೇವೆ? ಬಾಯಾರಿಕೆ ಇಲ್ಲದೆ ಅಲ್ಲ. ಗದ್ದೆಯಲ್ಲಿ ಗಂಡಸರು ಇರುತ್ತಾರೆ. ಮರೆ ಇರುವುದಿಲ್ಲ. ಬಸ್ಸಿನಲ್ಲಿ, ಸಂತೆಯಲ್ಲಿ ಮೂತ್ರಕ್ಕೆ ಹೋಗಲು ಜಾಗ ಇರುವುದಿಲ್ಲ. ಅದಕ್ಕೇ ಬೆಳಿಗ್ಗೆಯಿಂದ ಸಂಜೆವರೆಗೆ ಬಾಯಿ ಕಟ್ಟುತ್ತೇವೆ. ಬಂದದ್ದನ್ನೂ ತಡೆದುಕೊಳ್ಳುತ್ತೇವೆ. ಈ ನಾಚಿಕೆಯ ಬೆಲೆಯನ್ನು ನಮ್ಮ ಕಿಡ್ನಿ ತೆರುತ್ತದೆ.

ಕೂಲಿಗೆ ಹೋಗುವಾಗ ನಾಲ್ಕು ಜನ ಒಟ್ಟಿಗೆ ಹೋಗಿ. ಒಬ್ಬರಿಗೆ ಒಬ್ಬರು ಮರೆಯಾಗಿ ನಿಲ್ಲಿ. ಸಂತೆಮಾಳದಲ್ಲಿ, ಬಸ್‌ಸ್ಟಾಂಡಿನಲ್ಲಿ ಹೆಂಗಸರ ಶೌಚಾಲಯ ಬೇಕು ಎಂದು ಗ್ರಾಮಸಭೆಯಲ್ಲಿ ಕೇಳಿ. ಈಗ ನಿಮಗೆ ಬರೆಯಲು ಬರುತ್ತದೆ. ಅರ್ಜಿ ಬರೆದು ಸಹಿ ಹಾಕಿ ಕೊಡಿ.

ದಿನಕ್ಕೆ ಹನ್ನೆರಡು ಲೋಟವಾದರೂ ನೀರು ಕುಡಿಯಿರಿ. ಬಿಸಿಲಲ್ಲಿ ದುಡಿಯುವವರು ಇನ್ನೂ ಹೆಚ್ಚು ಕುಡಿಯಿರಿ. ನಿಂಬೆಹಣ್ಣು ಹಿಂಡಿದ ನೀರು ಒಳ್ಳೆಯದು. ಅನ್ನದ ಗಂಜಿಯ ತಿಳಿಯೂ ಆಗುತ್ತದೆ. ಮೂತ್ರದ ಬಣ್ಣ ನೋಡಿಕೊಳ್ಳಿ. ತಿಳಿಯಾಗಿದ್ದರೆ ನೀರು ಸಾಕು. ಗಾಢ ಹಳದಿ ಇದ್ದರೆ ಸಾಲದು. ಹೃದಯದ ಕಾಯಿಲೆ ಇರುವವರು, ಕಿಡ್ನಿ ಸೋತವರು ಡಾಕ್ಟರನ್ನು ಕೇಳಿಯೇ ನೀರಿನ ಅಳತೆ ಮಾಡಿಕೊಳ್ಳಿ.

ಬಾಳೆದಿಂಡಿನ ಪಲ್ಯ ತಿನ್ನಿ, ಬೇಡ ಅನ್ನುವುದಿಲ್ಲ. ಆದರೆ ದಿಂಡನ್ನೇ ನಂಬಿ ಆಸ್ಪತ್ರೆ ಬಿಡಬೇಡಿ. ಸ್ಕ್ಯಾನಿಂಗ್ ಚೀಟಿಯಲ್ಲಿ ಕಲ್ಲಿನ ಅಳತೆ ಅಂಕಿಯಲ್ಲಿ ಇರುತ್ತದೆ. ಅಂಕಿ ನಿಮಗೆ ಗೊತ್ತು. ನೀವೇ ಓದಿ. ಅರ್ಥವನ್ನು ಡಾಕ್ಟರ ಹತ್ತಿರ ಕೇಳಿ. 5 ಮಿಲಿಮೀಟರಿಗಿಂತ ಸಣ್ಣ ಕಲ್ಲು ಎಷ್ಟೋ ಸಲ ಮೂತ್ರದಲ್ಲಿ ತಾನಾಗಿ ಹೋಗುತ್ತದೆ. ದೊಡ್ಡ ಕಲ್ಲಿಗೆ ಚಿಕಿತ್ಸೆ ಬೇಕಾಗಬಹುದು.

ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ನಿಂತರೆ, ಮೂತ್ರದಲ್ಲಿ ರಕ್ತ ಕಂಡರೆ, ವಾಂತಿ ನಿಲ್ಲದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ಬಸುರಿಯರು ಬರೀ ನೋವು ಬಂದರೂ ತಡ ಮಾಡಬಾರದು. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

ಈಗ ನಿಮ್ಮ ಪುಸ್ತಕ ತೆಗೆಯಿರಿ. ಈ ನಾಲ್ಕು ಮಾತು ಬರೆದುಕೊಳ್ಳಿ. ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ.

ಅನ್ನ ಬಿಡಬೇಡಿ.
ಉಪ್ಪು ಕಡಿಮೆ ಮಾಡಿ.
ನೀರು ಹೆಚ್ಚು ಕುಡಿಯಿರಿ.
ಮೂತ್ರ ತಡೆಯಬೇಡಿ.