ಕತ್ತರಿ ಕೊಡುವ ಕೈ



ಶಸ್ತ್ರಚಿಕಿತ್ಸೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವರು ಇಬ್ಬರು: ವೈದ್ಯ ಮತ್ತು ರೋಗಿ. ಇವರ ಪಕ್ಕದಲ್ಲಿಯೇ ಉಪಕರಣಗಳ ತಟ್ಟೆಯ ಬಳಿ ನಿಂತಿರುವ ಮೂರನೆಯವರು ನಮಗೆ ಹೊಳೆಯುವುದೇ ಇಲ್ಲ. ಆಡುಮಾತಿನಲ್ಲಿ ಅವರು ಓ.ಟಿ. ಟೆಕ್ನಿಷಿಯನ್. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹಳ್ಳಿಗಳಿಂದ ಬಂದು ಈ ಕೆಲಸ ಕಲಿತವರಲ್ಲಿ ಕೆಲವರಿಗಾದರೂ ತಾವೇ ವೈದ್ಯರಾಗಬೇಕೆಂಬ ಹಂಬಲವುಂಟು.

ಅವರ ಕೆಲಸವಾದರೂ ಎಂಥದು? ಉಪಕರಣಗಳನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ, ಆಟೋಕ್ಲೇವಿನಲ್ಲಿ 121 ಡಿಗ್ರಿ ಸೆಲ್ಸಿಯಸ್ ಶಾಖದ ಹಬೆಯಲ್ಲಿಡಬೇಕು. ಮೇಲೆ ಅಂಟಿಸಿದ ಪಟ್ಟಿಯಲ್ಲಿ ಕಪ್ಪು ಗೆರೆ ಮೂಡಿತೇ ಎಂದು ನೋಡಬೇಕು. ಆಮ್ಲಜನಕದ ಸಿಲಿಂಡರಿನಲ್ಲಿ ಒತ್ತಡವೆಷ್ಟಿದೆ, ಸಕ್ಷನ್ ಯಂತ್ರ ಸರಿಯಾಗಿ ಎಳೆಯುತ್ತಿದೆಯೆ ಎಂಬುದನ್ನು ರೋಗಿ ಬರುವ ಮೊದಲೇ ಪರೀಕ್ಷಿಸಬೇಕು. ಹೊಟ್ಟೆಯನ್ನು ಹೊಲಿಯುವ ಮುನ್ನ ನರ್ಸಿನೊಡನೆ ಬಟ್ಟೆಯ ತುಂಡುಗಳನ್ನೂ ಉಪಕರಣಗಳನ್ನೂ ಎಣಿಸಬೇಕು. ಲೆಕ್ಕದಲ್ಲಿ ಒಂದು ಕಡಿಮೆ ಬಂದರೆ ‘ತಾಳಿ’ ಎನ್ನುವ ಧೈರ್ಯ ಬೇಕು. ಹಾಗೆನ್ನಬೇಕಾದದ್ದು ತನಗಿಂತ ಎಷ್ಟೋ ಮೇಲಿರುವ ಡಾಕ್ಟರಿಗೆ! ತಂಬಾಕಿನ ಬ್ಯಾರನ್ನಿನ ಶಾಖವನ್ನು ರಾತ್ರಿಯೆಲ್ಲ ಕಾಯುವ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಈ ಬಗೆಯ ಎಚ್ಚರ ಹೊಸದಲ್ಲ. ತಂಬಾಕನ್ನು ಹೊಗಳುತ್ತಿದ್ದೇನೆಂದು ದಯವಿಟ್ಟು ಭಾವಿಸಬೇಡಿ.

ನನ್ನ ಹಳೆಯ ಶಿಷ್ಯರೊಬ್ಬರ ಮಗಳು, ಪಿರಿಯಾಪಟ್ಟಣದ ಕಡೆಯವಳು, ಐದು ವರ್ಷ ಈ ಕೆಲಸ ಮಾಡಿದ ಮೇಲೆ ಒಮ್ಮೆ ಕೇಳಿದಳು: “ಇಷ್ಟು ಆಪರೇಷನ್ ನೋಡಿದೀನಿ ಮೇಷ್ಟ್ರೆ, ಇದಕ್ಕೇನೂ ಲೆಕ್ಕ ಇಲ್ವಾ?” ಅವಳ ಸಂಬಳದಿಂದಲೇ ತಮ್ಮನ ಓದು ನಡೆಯುತ್ತಿತ್ತು.

ಲೆಕ್ಕವಿಲ್ಲವೆಂಬುದೇ ನಿಜವಾದ ಉತ್ತರ. ನೀಟ್ ಪರೀಕ್ಷೆ ಕೇಳುವುದು ಭೌತ, ರಸಾಯನ, ಜೀವಶಾಸ್ತ್ರಗಳ 180 ಪ್ರಶ್ನೆ, ಅಂಕ 720. ವಯಸ್ಸಿನ ಮೇಲಣ ಮಿತಿಯನ್ನು 2022ರಲ್ಲಿ ತೆಗೆದುಹಾಕಿದ್ದಾರೆ, ಆದ್ದರಿಂದ ಇಪ್ಪತ್ತೇಳರ ಅವಳಿಗೂ ಅವಕಾಶವುಂಟು. 2017ರಿಂದ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ದೊರೆಯುತ್ತಿದೆ. ಹತ್ತು ವರ್ಷ ಹಳ್ಳಿಯಲ್ಲಿ ಓದಿದವರಿಗೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ನಮ್ಮ ರಾಜ್ಯದಲ್ಲಿ ಪ್ರತ್ಯೇಕ ಮೀಸಲಾತಿಯಿದೆ. ಬಾಲ್ಯದಲ್ಲಿ ಕಲಿತ ಕನ್ನಡಕ್ಕೆ ಬೆಲೆಯುಂಟು, ಐದು ವರ್ಷ ರಕ್ತದ ನಡುವೆ ನಿಂತದ್ದಕ್ಕಿಲ್ಲ. ಕನ್ನಡದ ಮೇಷ್ಟರಾದ ನಾನು ಇದಕ್ಕೆ ಹಿಗ್ಗಬೇಕೋ ಕುಗ್ಗಬೇಕೋ ತಿಳಿಯದು.

ಈ ಪ್ರಶ್ನೆ ಹೊಸದೇನೂ ಅಲ್ಲ. ಅಮೆರಿಕದ ಕರಿಯ ಜನಾಂಗದ ವಿವಿಯನ್ ಥಾಮಸ್ ವೈದ್ಯನಾಗಲೆಂದು ಕೂಡಿಟ್ಟ ಹಣ ಬ್ಯಾಂಕು ಮುಳುಗಿದಾಗ ಹೋಯಿತು. ಅವರು 1930ರಲ್ಲಿ ಸರ್ಜನ್ ಬ್ಲಾಲಾಕರ ಪ್ರಯೋಗಶಾಲೆ ಸೇರಿದರು. 1944ರ ನವೆಂಬರ್ 29ರಂದು, ಹೃದಯದೋಷದಿಂದ ನೀಲಿಗಟ್ಟಿದ ಮಗುವಿಗೆ ಬ್ಲಾಲಾಕ್ ಶಸ್ತ್ರಚಿಕಿತ್ಸೆ ಮಾಡುತ್ತಿದ್ದಾಗ, ಹಿಂದೆ ಪೀಠದ ಮೇಲೆ ನಿಂತು ಹೆಜ್ಜೆಹೆಜ್ಜೆಗೂ ಸೂಚನೆಯಿತ್ತವರು ಥಾಮಸರೇ. ಆ ವಿಧಾನವನ್ನು ನಾಯಿಗಳ ಮೇಲೆ ಮಾಡಿ ಪಳಗಿದ್ದವರೂ ಅವರೇ. ಬಳಿಕ ಕಾಲೇಜು ಸೇರಹೊರಟರೆ, ಅನುಭವಕ್ಕೆ ವಿನಾಯಿತಿಯಿಲ್ಲ, ಮೊದಲ ವರ್ಷದಿಂದಲೇ ಓದಬೇಕೆಂದರು. ವೈದ್ಯನಾಗುವ ಹೊತ್ತಿಗೆ ಐವತ್ತಾಗುವುದೆಂದು ಲೆಕ್ಕ ಹಾಕಿ ಥಾಮಸ್ ಆಸೆ ಬಿಟ್ಟರು. 1976ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಬಂದಿತು, ಅದೂ ಕಾನೂನಿನದು!

ಹಾಗೆಂದು ಅನುಭವಕ್ಕೆ ಅಂಕ ಕೊಡಿರೆಂದು ನಾನು ಹೇಳಲಾರೆ. ಕೊಟ್ಟ ಮರುದಿನವೇ ಅನುಭವದ ಸರ್ಟಿಫಿಕೇಟುಗಳು ಮಾರಾಟಕ್ಕೆ ಬಂದಾವು. ನನ್ನ ಕಳವಳ ಬೇರೆಯದು. ಎಸ್.ಎಸ್.ಎಲ್.ಸಿ. ಮುಗಿದೊಡನೆ, ಬೇಗ ಸಂಪಾದನೆಯಾಗಲೆಂದು ನೇರವಾಗಿ ಈ ಡಿಪ್ಲೊಮಾ ಸೇರುವ ಮಕ್ಕಳಿದ್ದಾರೆ. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದದೆ ನೀಟ್ ಬರೆಯಲಾಗದೆಂಬುದು ಅವರಿಗೆ ತಿಳಿಯುವುದು, ಥಿಯೇಟರಿನೊಳಗೆ ನಿಂತು ಆಸೆ ಹುಟ್ಟಿದ ಮೇಲೆ. ಸೇರುವ ದಿನವೇ ಇದನ್ನು ತಂದೆತಾಯಿಯರ ಎದುರಿಗೆ ಬಿಡಿಸಿ ಹೇಳಲು ಯಾವ ಖರ್ಚೂ ಇಲ್ಲ.

ನಾನು ಹೇಳಿದ ಹುಡುಗಿ ಪಿ.ಯು.ಸಿ. ಮುಗಿಸಿಯೇ ಈ ಕೆಲಸಕ್ಕೆ ಬಂದವಳು. ಒಂದೇ ವರ್ಷ ಪ್ರಯತ್ನಿಸುವುದೆಂದು ತಂದೆಯೊಡನೆ ಕರಾರು ಮಾಡಿಕೊಂಡು, ರಾತ್ರಿ ಪಾಳಿ ಕೇಳಿ ಪಡೆದಿದ್ದಾಳೆ. ಸಂಬಳ ನಿಂತಿಲ್ಲ. ಹಗಲು ಭೌತಶಾಸ್ತ್ರದೊಡನೆ ಹೆಣಗುತ್ತಾಳಂತೆ. ಹಬೆ ಮತ್ತು ಒತ್ತಡದ ಪಾಠವೊಂದು ಮಾತ್ರ ಓದಿದೊಡನೆ ಹಿಡಿಯಿತೆಂದು ಮೊನ್ನೆ ಫೋನಿನಲ್ಲಿ ಹೇಳಿದಳು.